ಫ್ಯಾಂಟಮ್ (ಕನ್ನಡ ಚಿತ್ರಕಥೆ)

ಅಮೆರಿಕದ ಲೀ ಫಾಕ್ (1911–1999) ಸೃಷ್ಟಿಸಿದ, ದಟ್ಟಡವಿಯ ತಲೆಬುರುಡೆ ಗವಿಯಲ್ಲಿ ನೆಲೆಸಿರುವ ಮುಖವಾಡದ ವೀರನ ಚಿತ್ರಕಥೆ. ಇಂಗ್ಲಿಷಿನಲ್ಲಿ ದಿನಪತ್ರಿಕೆಯ ಚಿತ್ರಪಟ್ಟಿಯಾಗಿ 1936ರ ಫೆಬ್ರುವರಿ 17ರಂದು, ಭಾನುವಾರದ ಪುಟವಾಗಿ 1939ರ ಮೇ 28ರಂದು ಆರಂಭವಾಯಿತು. ಕನ್ನಡದ ಓದುಗರಿಗೆ ಇದು ಮುಖ್ಯವಾಗಿ ಎರಡು ದಾರಿಯಲ್ಲಿ ತಲುಪಿತು: ಇಂದ್ರಜಾಲ ಕಾಮಿಕ್ಸ್ ಪುಸ್ತಿಕೆಗಳು ಮತ್ತು ‘ಸುಧಾ’ ವಾರಪತ್ರಿಕೆ. ಮಹಾವೀರರ ಚಿತ್ರಕಥೆ ಎಂದರೆ ಎರಡು ತಲೆಮಾರಿನ ಕನ್ನಡಿಗರ ಕಣ್ಣಿಗೆ ಕಟ್ಟುವುದು ಹಾರುವ ಸೂಪರ್‌ಮ್ಯಾನ್ ಅಲ್ಲ, ಕುದುರೆ ಏರಿದ ಈ ‘ನಡೆದಾಡುವ ಭೂತ’. ಸೂಪರ್‌ಮ್ಯಾನ್ ಅಚ್ಚಾದದ್ದು 1938ರಲ್ಲಿ. ಮೈಗಂಟಿದ ದಿರಿಸು, ಕಣ್ಣಾಲಿ ಕಾಣದ ಮುಖವಾಡ ತೊಟ್ಟ ಫ್ಯಾಂಟಮ್ ಅವನಿಗಿಂತ ಎರಡು ವರ್ಷ ಹಿರಿಯ. ಅತಿಮಾನುಷ ಶಕ್ತಿ ಮಾತ್ರ ಇವನಲ್ಲಿ ಒಂದೂ ಇಲ್ಲ.

ಕಥಾಲೋಕ

1536ರಲ್ಲಿ ಕಡಲ್ಗಳ್ಳರ ದಾಳಿಯಿಂದ ಪಾರಾಗಿ ದಡ ಸೇರಿದ ಒಬ್ಬ ನಾವಿಕ, ತಂದೆಯ ಕೊಲೆಗಾರನ ತಲೆಬುರುಡೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ. ಆ ಆಣೆ ಅಪ್ಪನಿಂದ ಮಗನಿಗೆ ಇಳಿದು ಬರುತ್ತದೆ. ಕಥೆಯ ಈಗಿನ ನಾಯಕ ಇಪ್ಪತ್ತೊಂದನೆಯವನು. ಹೊರಗಿನವರಿಗೆ ವಂಶದ ಗುಟ್ಟು ಗೊತ್ತಿಲ್ಲದ್ದರಿಂದ ಅವನಿಗೆ ಸಾವೇ ಇಲ್ಲವೆಂದು ನಂಬುತ್ತಾರೆ. ಕುಳ್ಳರ ಬುಡಕಟ್ಟಾದ ಬಂದಾರರು, ಅವರ ಮುಖಂಡ ಗುರಾನ್, ಕುದುರೆ ಹೀರೋ, ತೋಳ ಡೆವಿಲ್, ಪ್ರೇಯಸಿ ಡಯಾನಾ ಪಾಮರ್ ಇವರು ನಿತ್ಯದ ಪಾತ್ರಗಳು. ಡಯಾನಾಳೊಂದಿಗೆ 1977ರಲ್ಲಿ ಮದುವೆಯಾಯಿತು, ಅವಳಿ ಮಕ್ಕಳು ಆಮೇಲೆ. ಮೊದಲಿಗೆ ರೇ ಮೂರ್, ನಂತರ ವಿಲ್ಸನ್ ಮೆಕಾಯ್, 1960ರ ದಶಕದ ಆರಂಭದಿಂದ 1994ರವರೆಗೆ ಸೈ ಬ್ಯಾರಿ ಚಿತ್ರ ಬರೆದರು. ಕನ್ನಡದಲ್ಲಿ ಹೆಚ್ಚಾಗಿ ಕಂಡದ್ದು ಬ್ಯಾರಿಯ ಗೆರೆ.

ಈ ಕಾಡಿಗೆ ಭೂಪಟದಲ್ಲಿ ಖಚಿತ ಜಾಗವಿಲ್ಲ. ಮೊದಲ ಕಥೆಗಳಲ್ಲಿ ಅದು ಹಿಂದೂ ಮಹಾಸಾಗರದ ಆಚೀಚೆ, ಭಾರತದ ವಾಸನೆ ಹೊತ್ತ ಹೆಸರುಗಳೊಂದಿಗೆ ಇತ್ತು. ಮುಂದೆ ಆಫ್ರಿಕಕ್ಕೆ ಸರಿಯಿತು. ಹುಲಿ, ಸಿಂಹ ಒಂದೇ ಕಾಡಿನಲ್ಲಿ ಓಡಾಡುವುದಕ್ಕೆ ಈ ವಲಸೆಯೂ ಒಂದು ಕಾರಣವಿರಬಹುದು.

ಈಡನ್ ದ್ವೀಪ

ಆದಿಮಯುಗದ ಕಾಡು ಫ್ಯಾಂಟಮ್ ಕಥೆಗಳಲ್ಲಿ ಬಂದು ನಿಂತದ್ದು ಈಡನ್ ಎಂಬ ದ್ವೀಪದ ರೂಪದಲ್ಲಿ. ಇಲ್ಲಿ ಹುಲಿ, ಸಿಂಹಗಳನ್ನು ಮರಿಯಿಂದಲೇ ಮೀನು ತಿನ್ನಿಸಿ ಸಾಕಲಾಗಿದೆ. ಜಿಂಕೆಯ ಪಕ್ಕದಲ್ಲೇ ಅವು ಮಲಗುತ್ತವೆ. ಇವುಗಳ ನಡುವೆ ಹ್ಜ್ ಎಂಬ ಅರ್ಧಮಾನವ ಮತ್ತು ಸ್ಟೆಗಿ ಎಂಬ ಸ್ಟೆಗೊಸಾರಸ್ ಇವೆ. ಬೆನ್ನ ಮೇಲೆ ಎಲೆಯಾಕಾರದ ಫಲಕಗಳ ಸಾಲು, ಬಾಲದ ತುದಿಯಲ್ಲಿ ಮುಳ್ಳು, ದೇಹಕ್ಕೆ ಹೋಲಿಸಿದರೆ ಎಷ್ಟೂ ಸಾಲದಷ್ಟು ಪುಟ್ಟ ತಲೆ. ಪ್ರಾಣಿ ಸುಮಾರು 15 ಕೋಟಿ ವರ್ಷದ ಹಿಂದಿನದು. ಒ. ಸಿ. ಮಾರ್ಷ್ ಅದಕ್ಕೆ ಹೆಸರಿಟ್ಟದ್ದು 1877ರಲ್ಲಿ, ಅಮೆರಿಕದ ಬಂಡೆಗಳಲ್ಲಿ ಸಿಕ್ಕ ಮೂಳೆ ನೋಡಿ.

ಆದಿಮ ಜೀವಿ ಇನ್ನೂ ಉಳಿದಿರುವ ಗುಪ್ತ ನೆಲದ ಕಲ್ಪನೆ ಫಾಕ್‌ನದಲ್ಲ. ಕಾನನ್ ಡಾಯಲ್ 1912ರಲ್ಲೇ ಅಂಥ ಪ್ರಸ್ಥಭೂಮಿಯನ್ನು ಕಾದಂಬರಿಯಲ್ಲಿ ತಂದಿದ್ದ. ಟಾರ್ಜನ್ನನೂ ಅಂಥ ಕಣಿವೆಗೆ ಹೋಗಿ ಬಂದ. ಮಾರ್ವೆಲ್ ಕಂಪನಿ 1965ರಲ್ಲಿ ಅಂಟಾರ್ಕ್ಟಿಕದಲ್ಲಿ ಒಂದು ಬೆಚ್ಚನೆಯ ಡೈನೋಸಾರ್ ಕಾಡನ್ನೇ ನೆಟ್ಟಿತು. ಅಲ್ಲೆಲ್ಲ ಡೈನೋಸಾರ್ ಇರುವುದು ಕಾದಾಡಲಿಕ್ಕೆ. ಫ್ಯಾಂಟಮ್‌ನದು ಮಾತ್ರ ಸಾಕುಪ್ರಾಣಿ. ಕಥೆಯ ಬಿಗಿ ಇದರಿಂದ ಸಡಿಲವಾಗುತ್ತದೆ ನಿಜ, ಆದರೆ ಋಷ್ಯಾಶ್ರಮದಲ್ಲಿ ಹುಲಿ, ಹುಲ್ಲೆ ಒಟ್ಟಿಗೆ ನೀರು ಕುಡಿಯುವ ವರ್ಣನೆ ಕೇಳಿ ಬೆಳೆದ ಓದುಗನಿಗೆ ಈಡನ್ ಪರಕೀಯ ಎನಿಸಲಿಲ್ಲ.

ಕನ್ನಡಕ್ಕೆ ಬಂದ ಬಗೆ

ಬೆನೆಟ್ ಕೋಲ್ಮನ್ ಕಂಪನಿ 1964ರ ಮಾರ್ಚ್‌ನಲ್ಲಿ ಮುಂಬಯಿಯಿಂದ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಮೊದಲ 32 ಸಂಚಿಕೆಗಳಲ್ಲಿ ಫ್ಯಾಂಟಮ್ ಒಬ್ಬನೇ. ಮುಂದೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಸೇರಿಕೊಂಡರು. 1976ರಲ್ಲಿ ಆಬಿದ್ ಸುರ್ತಿಯವರ ಬಹಾದ್ದೂರ್ ಬಂದ. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಇವು ಹೊರಬಂದವು. 800ಕ್ಕೂ ಹೆಚ್ಚು ಸಂಚಿಕೆಗಳ ನಂತರ 1990ರಲ್ಲಿ ಪ್ರಕಟಣೆ ನಿಂತಿತು. ಭಾರತದ ಓದುಗರು ಮುನಿಸಿಕೊಳ್ಳದಂತೆ ಹೆಸರುಗಳನ್ನು ತಿದ್ದಿದ್ದು ಈ ಮಾಲೆಯ ವಿಶೇಷ. ಫ್ಯಾಂಟಮ್‌ನ ಕಾಡಿರುವ ‘ಬೆಂಗಾಲಿ’ ದೇಶ ‘ಡೆಂಕಾಲಿ’ಯಾಯಿತು, ‘ಸಿಂಗ್’ ಕಡಲ್ಗಳ್ಳರು ‘ಸಿಂಗಾ’ ಆದರು.

ಈ ಮಾಲೆಯ ಆರಂಭದಲ್ಲಿ ದುಡಿದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ (1929–2011). ಅಮರ ಚಿತ್ರಕಥೆ ಅವರ ಮುಂದಿನ ಕೆಲಸ. ಆ ಮಾಲೆಯ ಇಂಗ್ಲಿಷ್ ಪುಸ್ತಕಗಳ ಎಣಿಕೆ 11ರಿಂದ ಶುರುವಾಗುವುದೇಕೆಂದರೆ ಮೊದಲ ಹತ್ತು ಕನ್ನಡದಲ್ಲಿ ಬಂದಿದ್ದವು. ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಹೊರಬಂದ ಅವು ಪಾಶ್ಚಾತ್ಯ ಮಕ್ಕಳ ಕಥೆಗಳು. ಭಾರತೀಯ ಚಿತ್ರಕಥೆಯ ಚರಿತ್ರೆಯಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಈ ಹತ್ತು ಅಂಕಿಗಳ ಮರ್ಯಾದೆ ಸರಿಯಾಗಿ ಸಂದಿಲ್ಲ.

ಪುಸ್ತಿಕೆ ಕೊಳ್ಳಲು ಪೇಟೆ ಬೇಕಿತ್ತು. ಹಳ್ಳಿಯ ಮನೆಗೆ ಫ್ಯಾಂಟಮ್‌ನನ್ನು ಕರೆತಂದದ್ದು 1965ರಲ್ಲಿ ಆರಂಭವಾದ ‘ಸುಧಾ’. ದಶಕಗಳ ಕಾಲ ವಾರಕ್ಕೊಂದು ಕಂತು ಅದರಲ್ಲಿ ಬಂತು. ಮನೆಯ ಹಿರಿಯರು ಧಾರಾವಾಹಿ ಓದುವ ಮೊದಲು ಮಕ್ಕಳು ಅದೊಂದು ಪುಟವನ್ನು ಮುಗಿಸಿರುತ್ತಿದ್ದರು.

ಅಕ್ಷರ ಮತ್ತು ಬಲೂನು

ಫ್ಯಾಂಟಮ್ ಕನ್ನಡವಾದ ಬಗೆಯಲ್ಲಿ ಅತ್ಯಂತ ಕಡಿಮೆ ಚರ್ಚೆಯಾದ, ಆದರೆ ಅತ್ಯಂತ ಮುಖ್ಯವಾದ ಸಂಗತಿ ಮಾತಿನ ಬಲೂನು. ಅಮೆರಿಕದ ಚಿತ್ರಪಟ್ಟಿಯಲ್ಲಿ ಮಾತನ್ನು ದೊಡ್ಡಕ್ಷರಗಳಲ್ಲೇ ಬರೆಯುವುದು ರೂಢಿ. ಅವುಗಳ ಎತ್ತರ ಒಂದೇ. ಗೆರೆಯ ಕೆಳಗೆ ಇಳಿಯುವುದಿಲ್ಲ, ಮೇಲೆ ಏರುವುದಿಲ್ಲ. ಸಾಲುಗಳನ್ನು ಒಂದಕ್ಕೊಂದು ತಾಗುವಷ್ಟು ಒತ್ತಿ ಕೂಡಿಸಬಹುದು. ಬಲೂನಿನ ಗಾತ್ರ ಆ ಲೆಕ್ಕದಲ್ಲೇ ಬರೆದದ್ದು. ಅದರೊಳಗೆ ಕನ್ನಡ ತುಂಬಬೇಕಾದವನಿಗೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ. ‘ಶಸ್ತ್ರಾಸ್ತ್ರ’ ಎಂದು ಬರೆದರೆ ಅಕ್ಷರದ ಕೆಳಗೆ ತಕಾರ, ರಕಾರಗಳು ಎರಡೆರಡು ಸಲ ಜೋತುಬಿದ್ದು ಮುಂದಿನ ಸಾಲಿನ ತಲೆಕಟ್ಟಿಗೆ ತಗಲುತ್ತವೆ. ಇಂಗ್ಲಿಷಿನ ಐದು ಸಾಲಿನ ಜಾಗದಲ್ಲಿ ಕನ್ನಡದ ಮೂರು ಸಾಲು ಕೂತರೆ ಹೆಚ್ಚು. ಹಾಗಾಗಿ ಅನುವಾದಕನ ಮೊದಲ ಕೆಲಸ ಕತ್ತರಿಸುವುದು. ‘ಆಯುಧ’ ಇರುವಾಗ ‘ಶಸ್ತ್ರಾಸ್ತ್ರ’ವನ್ನು ಬಿಡುವುದು ಶೈಲಿಯ ಆಯ್ಕೆಯಲ್ಲ, ಜಾಗದ ಆಯ್ಕೆ. ಚಿತ್ರಕಥೆಯ ಕನ್ನಡ ಅಚ್ಚಗನ್ನಡದತ್ತ ವಾಲಲು ಯಾವ ಪಂಥಕ್ಕಿಂತ ಒತ್ತಕ್ಷರದ ಬಾಲವೇ ಹೆಚ್ಚು ಕಾರಣ ಎನ್ನಬಹುದು.

ಎರಡನೆಯ ತೊಡಕು ಕ್ರಿಯಾಪದದ ಜಾಗ. ಒಂದು ವಾಕ್ಯವನ್ನು ಎರಡು ಬಲೂನಿಗೆ ಒಡೆಯುವುದು ಚಿತ್ರಪಟ್ಟಿಯ ಹಳೆಯ ಉಪಾಯ. ಇಂಗ್ಲಿಷಿನಲ್ಲಿ ಕ್ರಿಯೆ ಮೊದಲ ತುಂಡಿನಲ್ಲೇ ಹೊರಬೀಳುತ್ತದೆ, ಕನ್ನಡದಲ್ಲಿ ಕೊನೆಯವರೆಗೆ ಕಾಯಬೇಕು. ನಿರಾಕರಣೆಯೂ ಬಾಲದಲ್ಲೇ. ‘ನಿನ್ನನ್ನು ಕೊಲ್ಲುವುದು...’ ಎಂದು ಒಂದು ಚೌಕದಲ್ಲಿ ನಿಂತು, ‘...ನನ್ನ ಕೆಲಸವಲ್ಲ’ ಎಂದು ಮುಂದಿನದರಲ್ಲಿ ಮುಗಿದರೆ, ಮೂಲದಲ್ಲಿ ಇಲ್ಲದ ಒಂದು ಉಸಿರುಗಟ್ಟು ಕನ್ನಡದಲ್ಲಿ ಹುಟ್ಟುತ್ತದೆ. ವಾರದ ಕಂತು ಅಂಥ ಕಡೆ ನಿಂತಿತೋ, ಓದುಗನಿಗೆ ಏಳು ದಿನ ನಿದ್ದೆಯಿಲ್ಲ.

ಮೂರನೆಯದು ನೀನು–ನೀವು. ಇಂಗ್ಲಿಷಿಗೆ ಈ ತಾಪತ್ರಯವಿಲ್ಲ. ಗುರಾನ್ ಫ್ಯಾಂಟಮ್‌ನನ್ನು ಏನೆನ್ನಬೇಕು? ಚಿಕ್ಕಂದಿನ ಗೆಳೆಯನಾದ್ದರಿಂದ ಏಕವಚನವೇ, ಒಡೆಯನಾದ್ದರಿಂದ ಬಹುವಚನವೇ? ಮದುವೆಗೆ ಮುಂಚಿನ ಡಯಾನಾ? ಚಿತ್ರದಲ್ಲಿ ಕಾಣದ ಅಂತರವನ್ನು ಕನ್ನಡ ಬಾಯಿಬಿಟ್ಟು ಹೇಳಿಸುತ್ತದೆ.

ಎರೆನೆಲದ ಓದು: ರೋಣ, ನರಗುಂದ, ಗಜೇಂದ್ರಗಡ

‘ಸುಧಾ’ ತಲುಪಿದ ಹಳ್ಳಿಗಾಡಿಗೆ ಒಂದು ಉದಾಹರಣೆ ರೋಣ, ನರಗುಂದ, ಗಜೇಂದ್ರಗಡ. ಗದಗ ಜಿಲ್ಲೆಯ ಉತ್ತರದ ಈ ಮೂರು ತಾಲ್ಲೂಕುಗಳು (ಗಜೇಂದ್ರಗಡ ಮೊದಲು ರೋಣದ ಭಾಗವೇ ಆಗಿತ್ತು) ಕಾಡಿನ ಕಥೆಗೆ ತದ್ವಿರುದ್ಧವಾದ ನೆಲ. ಎರೆಹೊಲ, ಜೋಳ, ಕಡಲೆ, ಹತ್ತಿ. ನೆರಳಿಗೆ ಬದುವಿನ ಬೇವು, ಜಾಲಿ. ಗಜೇಂದ್ರಗಡದ ಗುಡ್ಡಗಳಲ್ಲೂ ಇರುವುದು ಕುರುಚಲು, ಈಗ ಅವುಗಳ ನೆತ್ತಿಯಲ್ಲಿ ಗಾಳಿಯಂತ್ರ. ಇಲ್ಲಿಯ ಹುಡುಗನಿಗೆ ಬಳ್ಳಿ ಹಿಡಿದು ಜೀಕುವ ಕಾಡು ಕಾಗದದ ಮೇಲಷ್ಟೇ ಇತ್ತು. ಭಾಷೆಯೂ ದೂರದ್ದು. ಊರಿನಲ್ಲಿ ‘ಯಾಂವಲೇ ನೀ?’ ಎಂದು ಕೇಳುವಲ್ಲಿ ಬಲೂನಿನೊಳಗೆ ‘ಯಾರು ನೀನು?’ ಎಂದಿರುತ್ತಿತ್ತು. ಬೆಂಗಳೂರಿನ ಬರಹಗನ್ನಡವನ್ನು ಇಲ್ಲಿಯ ಅನೇಕ ಮಕ್ಕಳು ಪಠ್ಯಪುಸ್ತಕಕ್ಕಿಂತ ಹೆಚ್ಚಿನ ಪ್ರೀತಿಯಿಂದ ಕಲಿತದ್ದು ಇಂಥ ಪುಟಗಳಿಂದ.

ಒಂದು ಪ್ರಾಣಿ ಮಾತ್ರ ಪರಿಚಿತ. ಡೆವಿಲ್‌ನನ್ನು ನೋಡಿದವರೆಲ್ಲ ನಾಯಿ ಎನ್ನುವುದು, ಅದು ತೋಳವೆಂದು ಫ್ಯಾಂಟಮ್ ತಿದ್ದುವುದು ಕಥೆಗಳಲ್ಲಿ ಮತ್ತೆ ಮತ್ತೆ ಬರುವ ತಮಾಷೆ. ಗದಗ–ಕೊಪ್ಪಳದ ಬಯಲು ತೋಳದ ನಾಡು. ಹಟ್ಟಿಯ ಕುರಿಗೆ ರಾತ್ರಿ ಕಾವಲು ಕೂತ ಮನೆಯ ಹುಡುಗನಿಗೆ ನಾಯಿ ಯಾವುದು, ತೋಳ ಯಾವುದು ಎಂದು ಯಾರೂ ಹೇಳಬೇಕಿರಲಿಲ್ಲ.

ನೆಲದಡಿಯ ಆದಿಮ ಕಾಡು

ಈಡನ್ನಿನ ಸ್ಟೆಗೊಸಾರಸ್ ಇಲ್ಲಿ ಅಗೆದರೆ ಸಿಕ್ಕೀತೇ ಎಂಬುದು ಮಕ್ಕಳು ಕೇಳುವ ಪ್ರಶ್ನೆ, ಉತ್ತರ ಕೊಡಬಹುದು. ಗಜೇಂದ್ರಗಡದ ಗುಡ್ಡಗಳ ಮರಳುಗಲ್ಲು ಬಾದಾಮಿಯ ಕಲ್ಲಿನ ಬಳಗದ್ದು, ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು. ನೆಲದ ಮೇಲೆ ಪ್ರಾಣಿಯೇ ಕಾಲಿಡದಿದ್ದ ಕಾಲದಲ್ಲಿ ನೀರಿನಡಿ ಪದರಗಟ್ಟಿದ ಮರಳು ಅದು. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಈ ಕಲ್ಲು ಅದಕ್ಕಿಂತ ಹಲವು ಪಟ್ಟು ಹಳೆಯದು. ಅವುಗಳ ಮೂಳೆ ಇದರಲ್ಲಿ ಇರಲಾರದು. ದಕ್ಷಿಣ ಭಾರತದ ಸ್ಟೆಗೊಸಾರ್ ಎಂದು 1979ರಲ್ಲಿ ತಮಿಳುನಾಡಿನಿಂದ ವರದಿಯಾದ ‘ದ್ರವಿಡೊಸಾರಸ್’ ಕೂಡ ನಿಜಕ್ಕೂ ಕಡಲ ಸರೀಸೃಪದ ಮೂಳೆ ಇರಬೇಕೆಂಬ ವಾದವಿದೆ.

ಹಾಗೆಂದು ನೆಲ ಬರಿದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯನ್ನೆಲ್ಲ ಸುತ್ತಿ, 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯ ಮೇಲೆ ದೊಡ್ಡ ವರದಿ ಪ್ರಕಟಿಸಿದ. ರೋಣ, ನರಗುಂದಗಳ ಉತ್ತರದ ಅಂಚಿನಲ್ಲಿ ಹರಿಯುವ ಮಲಪ್ರಭೆಯ ಕಣಿವೆಯಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಬಾದಾಮಿ ತಾಲ್ಲೂಕಿನ ಖ್ಯಾಡ ಹೆಸರಾದ ನೆಲೆ. ಆರ್. ವಿ. ಜೋಶಿ 1955ರಲ್ಲಿ ಈ ಕಣಿವೆಯ ಮೇಲೇ ಪುಸ್ತಕ ಬರೆದರು. ಅಂಗೈ ತುಂಬುವ, ಬಾದಾಮಿ ಬೀಜದ ಆಕಾರದ, ಎರಡೂ ಮುಖದಿಂದ ಚಕ್ಕೆ ಎಬ್ಬಿಸಿದ ಕಲ್ಲು ಈ ಕೊಡಲಿ. ಬಳಸಿದ ಬೇಟೆಗಾರನ ಕಾಲಕ್ಕೆ ಎದುರಿಗೆ ಯಾವ ಮಿಗವಿತ್ತು ಎಂಬುದರ ಸುಳಿವೂ ಫೂಟ್‌ನದೇ. ಗೋಕಾಕದ ಸಮೀಪ ಸಿಕ್ಕ ಪಳೆಯುಳಿಕೆಗೆ 1874ರಲ್ಲಿ ಅವನು ಇಟ್ಟ ಹೆಸರು ರೈನೋಸಿರಸ್ ಡೆಕ್ಕನೆನ್ಸಿಸ್: ದಖ್ಖನ್ನಿನ ಘೇಂಡಾಮೃಗ. ಘಟಪ್ರಭೆಯ ಸೀಮೆಯಲ್ಲಿ ಘೇಂಡಾ ಮೇಯುತ್ತಿದ್ದಾಗ ಮಲಪ್ರಭೆಯ ಬಯಲೂ ಇಂದಿನಷ್ಟು ಬೋಳಾಗಿರಲಿಲ್ಲ ಎಂದು ಊಹಿಸಲು ಅಡ್ಡಿಯಿಲ್ಲ. ದಟ್ಟಡವಿ ಇತ್ತೆನ್ನುವುದು ಮಾತ್ರ ಅತಿಯಾದೀತು. ಹುಲ್ಲುಗಾವಲು, ಹೊಳೆದಂಡೆಯ ಮರಸಾಲು ಹೆಚ್ಚು ಒಪ್ಪುವ ಚಿತ್ರ. ಈ ಮಿಗವನ್ನೂ ಈ ಕೊಡಲಿಯನ್ನೂ ನಂಬಿ ಯಾರಾದರೂ ಚಿತ್ರಕಥೆ ಬರೆದರೆ ಅದು ಈಡನ್ನಿಗಿಂತ ಗಟ್ಟಿಯಾದೀತು.

ಪ್ರಭಾವ

ಕನ್ನಡದ ಸ್ವಂತ ಮಹಾವೀರ ಚಿತ್ರಕಥೆ ಬೆಳೆದದ್ದು ಕಡಿಮೆ. ಆದಿಮ ಜೀವಿಯೊಂದು ಕಾಡಿನಲ್ಲಿ ಉಳಿದಿರುವ ಬೆರಗನ್ನು ಕನ್ನಡದಲ್ಲಿ ಸ್ವತಂತ್ರವಾಗಿ ಹಿಡಿದ ಕೃತಿ ಚಿತ್ರಕಥೆಯಲ್ಲ, ಕಾದಂಬರಿ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಅಲ್ಲಿ ಹುಡುಕಾಟ ಹಾರುವ ಓತಿಗಾಗಿ, ಮುಖವಾಡದವನಿಲ್ಲ.

ಆಕರಗಳ ಸ್ಥಿತಿ

ಓದುಗರು ವಾರವಾರದ ಪುಟವನ್ನು ಕತ್ತರಿಸಿ, ದಬ್ಬಣದಿಂದ ತೂತು ಹಾಕಿ, ಗೋಣಿದಾರದಲ್ಲಿ ಹೊಲಿದು ಪುಸ್ತಕ ಮಾಡಿಟ್ಟುಕೊಳ್ಳುವುದು ಸಾಮಾನ್ಯವಾಗಿತ್ತು. ಕತ್ತರಿಸುವಾಗ ಪುಟದ ಅಂಚಿನ ತಾರೀಕು ಹೋಗಿಬಿಡುತ್ತದೆ. ಯಾವ ಕಥೆ ಕನ್ನಡದಲ್ಲಿ ಯಾವ ವರ್ಷ ಬಂತೆಂದು ಹೊಂದಿಸುವುದು ಇದರಿಂದಲೇ ಕಷ್ಟ. ಇಂಥ ಹೊಲಿದ ಕಟ್ಟು ಅಟ್ಟದ ಮೇಲೆ ಇರುವವರು ರದ್ದಿಗೆ ಹಾಕುವ ಮುನ್ನ ಪುಟದ ಹಿಂಬದಿ ನೋಡಬೇಕು: ಅಲ್ಲಿರುವ ಸಿನಿಮಾ ಜಾಹೀರಾತೋ ಕ್ರಿಕೆಟ್ ಸುದ್ದಿಯೋ ವರ್ಷವನ್ನು ಹೇಳುತ್ತದೆ. ಅದನ್ನು ಪೆನ್ಸಿಲಿನಲ್ಲಿ ಮೂಲೆಗೆ ಬರೆದಿಡಿ.