ಹವ್ಯಾಸಿ ಓಟಗಾರರ ಹೃದಯಾರೋಗ್ಯ ಮತ್ತು ತುರ್ತು ಸಿದ್ಧತೆ: ಯಾದಗಿರಿ, ಶಹಾಪುರ, ಸುರಪುರ

ಪದಕಕ್ಕಲ್ಲದೆ ಆರೋಗ್ಯಕ್ಕಾಗಿ, ಖುಷಿಗಾಗಿ ಓಡುವವರು ಹವ್ಯಾಸಿ ಓಟಗಾರರು. ಯಾದಗಿರಿ ಜಿಲ್ಲೆಯ ಮಟ್ಟಿಗೆ ಪೊಲೀಸ್, ಸೈನ್ಯದ ಭರ್ತಿಗೆ ತರಬೇತುದಾರರಿಲ್ಲದೆ ತಾವೇ ತಯಾರಾಗುವ ಯುವಕರನ್ನೂ ಈ ಸಾಲಿಗೆ ಸೇರಿಸಬೇಕು. ಪೊಲೀಸ್ ಕಾನ್‌ಸ್ಟೇಬಲ್ ಆಗಬಯಸುವ ಹುಡುಗ 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಆ ಗಡುವಿಗಾಗಿ ವಾರಗಟ್ಟಲೆ ಉಸಿರು ಬಿಗಿಹಿಡಿದು ಓಡುವವರಲ್ಲಿ ಒಮ್ಮೆಯೂ ರಕ್ತದೊತ್ತಡ ನೋಡಿಸದವರೂ ಇರುತ್ತಾರೆ.

ಓಟ ಹೃದಯಕ್ಕೆ ಒಳ್ಳೆಯದು. ಈ ಮಾತಿನಲ್ಲಿ ಅನುಮಾನ ಬೇಡ. 2000ರಿಂದ 2010ರವರೆಗೆ ಅಮೆರಿಕದ ಮ್ಯಾರಥಾನ್, ಅರ್ಧ ಮ್ಯಾರಥಾನ್‌ಗಳಲ್ಲಿ ಓಡಿದ ಸುಮಾರು 1.09 ಕೋಟಿ ಜನರ ಲೆಕ್ಕ ತೆಗೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೃದಯಸ್ತಂಭನವಾದದ್ದು 59 ಜನರಿಗೆ ಮಾತ್ರ. ಆದರೆ ಆ 59ರಲ್ಲಿ 42 ಜನ ತೀರಿಕೊಂಡರು. ಅಪಾಯ ಅಪರೂಪ, ಬಂದರೆ ಮಾತ್ರ ಘೋರ.

ಹೃದಯಾಘಾತ ಮತ್ತು ಹೃದಯಸ್ತಂಭನ ಒಂದೇ ಅಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡು ಸ್ನಾಯುವಿಗೆ ರಕ್ತ ಸಿಗದಿರುವುದು ಆಘಾತ. ರೋಗಿ ಹೆಚ್ಚಾಗಿ ಎಚ್ಚರದಲ್ಲಿರುತ್ತಾನೆ, ಮಾತಾಡುತ್ತಾನೆ. ಬಡಿತದ ಲಯ ಕೆಟ್ಟು ಹೃದಯ ರಕ್ತ ದೂಡುವುದನ್ನೇ ನಿಲ್ಲಿಸುವುದು ಸ್ತಂಭನ. ಮನುಷ್ಯ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು. 35 ದಾಟಿದ ಓಟಗಾರರಲ್ಲಿ ರಕ್ತನಾಳದ ಕಾಯಿಲೆಯೇ ಮುಖ್ಯ ಕಾರಣ. ಅದಕ್ಕಿಂತ ಚಿಕ್ಕವರಲ್ಲಿ ಹುಟ್ಟಿನಿಂದ ಬಂದ ದೋಷ, ಹೃದಯ ಸ್ನಾಯು ದಪ್ಪಗಾಗುವ ವಂಶಪಾರಂಪರ್ಯ ಕಾಯಿಲೆ, ವೈರಸ್ ಜ್ವರದ ಬೆನ್ನಿಗೆ ಬರುವ ಸ್ನಾಯುವಿನ ಉರಿಯೂತ ಕಾರಣಗಳಾಗುತ್ತವೆ. ಜ್ವರ ಬಿಟ್ಟ ಮರುದಿನವೇ ಮೈದಾನಕ್ಕಿಳಿಯಬಾರದು ಎನ್ನುವುದು ಇದಕ್ಕೇ. ಮನೆತನದಲ್ಲಿ ಯಾರಾದರೂ ಎಳೆವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅಥವಾ ಓಡುವಾಗ ಒಮ್ಮೆಯಾದರೂ ಕಣ್ಣು ಕತ್ತಲೆಗಟ್ಟಿ ಬಿದ್ದಿದ್ದರೆ, ಓಟ ಮುಂದುವರಿಸುವ ಮೊದಲು ಇಸಿಜಿ, ಎಕೋ ಮಾಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಗುಟ್ಕಾ ಚಟ ಇದ್ದವರಿಗೂ ವೈದ್ಯರ ತಪಾಸಣೆ ಮೊದಲು, ಓಟ ಆಮೇಲೆ.

ಈ ಭಾಗದಲ್ಲಿ ಎದೆ ಹಿಡಿದಂತಾದರೆ ಮೊದಲು ಬರುವ ಮಾತು ‘ಗ್ಯಾಸ್ ಆಗೇದ’. ಸೋಡಾ ಕುಡಿದು ಮಲಗುವುದರಲ್ಲಿ ಅಮೂಲ್ಯ ಸಮಯ ಹೋಗುತ್ತದೆ. ಎಡಗೈಗೆ, ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಎಂದಿಲ್ಲದ ದಮ್ಮು ಕಂಡರೆ ಓಟ ಅಲ್ಲಿಗೇ ನಿಲ್ಲಿಸಬೇಕು.

ಕುಸಿದು ಬಿದ್ದವನ ಸುತ್ತ ನಡೆಯುವ ತಪ್ಪು ಇನ್ನೂ ದೊಡ್ಡದು. ಹೃದಯ ನಿಂತಾಗ ಮೈ ಕೆಲವು ಸೆಕೆಂಡು ಅದುರಬಹುದು, ಬಾಯಿಂದ ಗೊರಗೊರ ಸದ್ದು ಬರಬಹುದು. ನೋಡಿದವರು ಮೂರ್ಛೆರೋಗವೆಂದು ಕೈಗೆ ಕೀಲಿಕೈ ಹಿಡಿಸುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಎರಡೂ ಕೂಡದು. ಭುಜ ತಟ್ಟಿ ಕೂಗಿದರೂ ಓಗೊಡದೆ, ಉಸಿರಾಟ ಸರಿಯಿಲ್ಲದಿದ್ದರೆ ಅದು ಹೃದಯಸ್ತಂಭನವೆಂದೇ ತಿಳಿದು ಸಿಪಿಆರ್ ಶುರು ಮಾಡಬೇಕು. ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಮೊಣಕೈ ಮಡಿಸದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ. ಸಿಪಿಆರ್ ಇಲ್ಲದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಹೀಗಾಗಿ ಬಿದ್ದವನನ್ನು ಟಂಟಂನಲ್ಲಿ ಹೇರಿಕೊಂಡು ಓಡುವುದು ಸರಿಯಾದ ಕ್ರಮವಲ್ಲ; ಓಡುವ ಗಾಡಿಯಲ್ಲಿ ಎದೆ ಒತ್ತಲಾಗದು. ಒಬ್ಬರು ಒತ್ತುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. 2021ರ ಜೂನ್ 12ರಂದು ಯುರೋ ಕಪ್ ಪಂದ್ಯದ ನಡುವೆ ಕುಸಿದ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಬದುಕಿದ್ದು ಮೈದಾನದಲ್ಲೇ ಸಿಕ್ಕ ಸಿಪಿಆರ್ ಮತ್ತು ಹೃದಯಕ್ಕೆ ಕೊಟ್ಟ ವಿದ್ಯುತ್ ಶಾಕ್‌ನಿಂದ.

ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ನಾರಾಯಣಪುರ ಎಡದಂಡೆ ಕಾಲುವೆಯ ದಾರಿಯಲ್ಲೋ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಬಳಿಯೋ ಓಡುವವರು 108ಕ್ಕೆ ಕರೆ ಮಾಡಿದಾಗ ಹತ್ತಿರದ ಊರು, ಸೇತುವೆ, ಗುಡಿಯ ಗುರುತು ಹೇಳಲು ತಿಳಿದಿರಬೇಕು.

ಹೃದಯದ ದೊಡ್ಡಾಸ್ಪತ್ರೆಯೆಂದರೆ ಕಲಬುರಗಿಯ ಜಯದೇವ. ಅದರ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಯಾದಗಿರಿಯಿಂದ ಅದು ಸುಮಾರು 80 ಕಿಲೋಮೀಟರ್, ಸುರಪುರದಿಂದ ಇನ್ನೂ ದೂರ. ಈ ದೂರವನ್ನು ತುಂಬಲೆಂದೇ ಇರುವುದು ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ: ಊರ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಟ್ಟು, ಬಳಿಕ ದೊಡ್ಡಾಸ್ಪತ್ರೆಗೆ ಕಳಿಸುವುದು. ಎದೆನೋವಿನ ರೋಗಿಯನ್ನು ನೇರ ಕಲಬುರಗಿಗೆ ಒಯ್ಯುವ ಬದಲು ಮೊದಲು ಹತ್ತಿರದ ಈ ಸರ್ಕಾರಿ ಆಸ್ಪತ್ರೆಗೆ ಸೇರಿಸುವುದೇ ಮೇಲು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಸೌಲಭ್ಯ ಯಾವ ಹೊತ್ತಿಗೆ ಸಿಗುತ್ತದೆಂದು ಇಂದೇ ಹೋಗಿ ಕೇಳಿಕೊಳ್ಳಿ.

ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಓಟ ಸೂರ್ಯೋದಯದ ಹೊತ್ತಿಗೆ ಮುಗಿಯಲಿ. ಒಂಟಿಯಾಗಿ ಓಡುವವರು ಹೆಸರು, ರಕ್ತದ ಗುಂಪು, ಮನೆಯ ಫೋನ್ ನಂಬರ್ ಬರೆದ ಚೀಟಿ ಕಿಸೆಯಲ್ಲಿಟ್ಟುಕೊಳ್ಳಲಿ. ಗುಂಪಿನಲ್ಲಿ ಓಡುವವರಲ್ಲಿ ಕನಿಷ್ಠ ಇಬ್ಬರು ಸಿಪಿಆರ್ ಕಲಿತಿರಬೇಕು. ಒಬ್ಬರೇ ಕಲಿತಿದ್ದರೆ, ಬೀಳುವವರು ಅವರೇ ಆಗಿರಬಹುದು.