ಕ್ಯಾನಬಿಡಿಯಾಲ್ ಮತ್ತು ಯಕೃತ್ತಿನ ರಕ್ಷಣೆ

ಕ್ಯಾನಬಿಡಿಯಾಲ್ (ಸಂಕ್ಷಿಪ್ತವಾಗಿ ಸಿಬಿಡಿ) ಗಾಂಜಾ ಗಿಡದಲ್ಲಿ (ಕ್ಯಾನಬಿಸ್ ಸಟೈವಾ) ಸ್ವಾಭಾವಿಕವಾಗಿ ದೊರೆಯುವ ಒಂದು ರಾಸಾಯನಿಕ ಸಂಯುಕ್ತ. ಅದೇ ಗಿಡದ ಟೆಟ್ರಾಹೈಡ್ರೊಕ್ಯಾನಬಿನಾಲ್‌ನಂತೆ (ಟಿಎಚ್‌ಸಿ) ಇದು ಮತ್ತು ಬರಿಸುವುದಿಲ್ಲ. ಮದ್ಯಪಾನ ಮತ್ತು ಅಧಿಕ ಕೊಬ್ಬಿನ ಆಹಾರದಿಂದ ಯಕೃತ್ತಿಗೆ (ಪಿತ್ತಜನಕಾಂಗ) ಆಗುವ ಹಾನಿಯನ್ನು ಸಿಬಿಡಿ ತಗ್ಗಿಸಬಹುದೆಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಆದರೆ ಮನುಷ್ಯರಲ್ಲಿ ಈ ಪ್ರಯೋಜನ ಸಾಬೀತಾಗಿಲ್ಲ. ಅಲ್ಲದೆ, ಸಿಬಿಡಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಹಾನಿಯನ್ನು ಸೂಚಿಸುವ ಕಿಣ್ವಗಳು ರಕ್ತದಲ್ಲಿ ಏರಿರುವುದು ಕಂಡುಬಂದಿದೆ.

ಹಿನ್ನೆಲೆ

ಅಮೆರಿಕದ ರಸಾಯನಶಾಸ್ತ್ರಜ್ಞ ರೋಜರ್ ಆಡಮ್ಸ್ 1940ರಲ್ಲಿ ಸಿಬಿಡಿಯನ್ನು ಬೇರ್ಪಡಿಸಿದರು. ಅದರ ನಿಖರವಾದ ರಚನೆಯನ್ನು ಇಸ್ರೇಲಿನ ರಾಫೇಲ್ ಮೆಕೌಲಮ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದರು. ಇದರ ಪ್ರತಿ ಅಣುವಿನಲ್ಲಿ 21 ಇಂಗಾಲ, 30 ಜಲಜನಕ ಮತ್ತು 2 ಆಮ್ಲಜನಕ ಪರಮಾಣುಗಳಿವೆ.

ಯಕೃತ್ತಿಗೆ ಹಾನಿಯಾಗುವ ಬಗೆ

ಸೇವಿಸಿದ ಮದ್ಯವನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗಿ ಮಾರ್ಪಡಿಸುತ್ತದೆ. ಅತಿಯಾಗಿ ಕುಡಿಯುವವರಲ್ಲಿ ಸಿವೈಪಿ2ಇ1 ಎಂಬ ಕಿಣ್ವ ಚುರುಕಾಗಿ, ಜೀವಕೋಶಗಳನ್ನು ಘಾಸಿಗೊಳಿಸುವ ಕ್ರಿಯಾಶೀಲ ಆಮ್ಲಜನಕ ಅಣುಗಳು ಹೆಚ್ಚುತ್ತವೆ. ಇದನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಕೊಬ್ಬು ಮತ್ತು ಕೊಲೆಸ್ಟ್ರಾಲ್ ಅಧಿಕವಾಗಿರುವ ಆಹಾರವೂ ಯಕೃತ್ತಿನಲ್ಲಿ ಕೊಬ್ಬನ್ನು ಶೇಖರಿಸಿ ಉರಿಯೂತಕ್ಕೆ ಎಡೆಮಾಡಬಲ್ಲದು. ಎರಡೂ ಬಗೆಯಲ್ಲಿ ರೋಗವು ಕೊಬ್ಬಿನ ಶೇಖರಣೆ, ಉರಿಯೂತ, ನಾರುಗಟ್ಟುವಿಕೆ ಹಾಗೂ ಸಿರೋಸಿಸ್ ಎಂಬ ಹಂತಗಳಲ್ಲಿ ಮುಂದುವರಿಯಬಹುದು.

ಪ್ರಾಣಿಗಳ ಮೇಲಿನ ಪ್ರಯೋಗಗಳು

* 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳಿಗೆ ಐದು ದಿನ ಅತಿಯಾಗಿ ಮದ್ಯ ನೀಡಲಾಯಿತು. ಸಿಬಿಡಿ ಪಡೆದ ಇಲಿಗಳ ಯಕೃತ್ತಿನಲ್ಲಿ ಕೊಬ್ಬಿನ ಶೇಖರಣೆ ಕಡಿಮೆಯಿತ್ತು. ಉತ್ಕರ್ಷಣ ಒತ್ತಡ ತಗ್ಗಿದ್ದು ಮತ್ತು ಜೀವಕೋಶವು ತನ್ನ ನಿರುಪಯುಕ್ತ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವ ಸ್ವಭಕ್ಷಣ ಕ್ರಿಯೆ ಹೆಚ್ಚಿದ್ದು ಇದಕ್ಕೆ ಕಾರಣಗಳೆಂದು ಸಂಶೋಧಕರು ಗುರುತಿಸಿದರು.
* 2017ರ ಅಧ್ಯಯನದಲ್ಲಿ ಇಲಿಗಳಿಗೆ ಕೆಲವು ದಿನ ಮದ್ಯಮಿಶ್ರಿತ ಆಹಾರವನ್ನೂ ಕೊನೆಯಲ್ಲಿ ಒಮ್ಮೆಲೇ ಹೆಚ್ಚು ಮದ್ಯವನ್ನೂ ಕೊಡಲಾಯಿತು. ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 5 ಅಥವಾ 10 ಮಿಲಿಗ್ರಾಂ ಸಿಬಿಡಿ ನೀಡಿದಾಗ, ಯಕೃತ್ತಿಗೆ ನುಗ್ಗಿ ಹಾನಿ ಮಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಚಟುವಟಿಕೆ ತಗ್ಗಿತು.
* ಅಧಿಕ ಕೊಬ್ಬು ಮತ್ತು ಕೊಲೆಸ್ಟ್ರಾಲ್ ಇರುವ ಆಹಾರ ತಿಂದ ಇಲಿಗಳ ಮೇಲಿನ 2019ರ ಅಧ್ಯಯನವು, ಉರಿಯೂತವನ್ನು ಪ್ರಚೋದಿಸುವ ಎನ್‌ಎಫ್-ಕಪ್ಪಾ ಬಿ ಮತ್ತು ಎನ್‌ಎಲ್‌ಆರ್‌ಪಿ3 ಎಂಬ ವ್ಯವಸ್ಥೆಗಳನ್ನು ಸಿಬಿಡಿ ಹತೋಟಿಯಲ್ಲಿಡುತ್ತದೆ ಎಂದು ತೋರಿಸಿತು.

ಇಂತಹ ಪ್ರಯೋಗಗಳಲ್ಲಿ ಹಾನಿ ಉಂಟುಮಾಡುತ್ತಿರುವಾಗಲೇ ಸಿಬಿಡಿಯನ್ನೂ ಕೊಡುವುದು ವಾಡಿಕೆ. ಆದುದರಿಂದ ವರ್ಷಗಟ್ಟಲೆ ಬೆಳೆದ ಮನುಷ್ಯರ ಯಕೃತ್ತಿನ ರೋಗಕ್ಕೆ ಈ ಫಲಿತಾಂಶಗಳನ್ನು ನೇರವಾಗಿ ಅನ್ವಯಿಸಲಾಗದು.

ಮನುಷ್ಯರಲ್ಲಿ ಕಂಡ ಪರಿಣಾಮಗಳು

ಶುದ್ಧೀಕರಿಸಿದ ಸಿಬಿಡಿಯ ಎಪಿಡಿಯೊಲೆಕ್ಸ್ ಎಂಬ ಔಷಧಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ಜೂನ್‌ನಲ್ಲಿ ಅನುಮೋದನೆ ನೀಡಿತು. ಇದು ಲೆನಾಕ್ಸ್-ಗ್ಯಾಸ್ಟೊ ಮತ್ತು ಡ್ರಾವೆ ಎಂಬ ಅಪರೂಪದ ಅಪಸ್ಮಾರಗಳಿಗೆ ನೀಡಿದ ಅನುಮೋದನೆಯೇ ಹೊರತು ಯಕೃತ್ತಿನ ಕಾಯಿಲೆಗಲ್ಲ. ಈ ಔಷಧದಿಂದ ಯಕೃತ್ತಿನ ಕಿಣ್ವಗಳು ಏರಬಹುದೆಂಬ ಎಚ್ಚರಿಕೆ ಅದರ ಮಾಹಿತಿಪತ್ರದಲ್ಲಿಯೇ ಇದೆ. ವಾಲ್ಪ್ರೋಯೇಟ್ ಎಂಬ ಅಪಸ್ಮಾರದ ಔಷಧವನ್ನೂ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಆದಕಾರಣ ಚಿಕಿತ್ಸೆ ಆರಂಭಿಸುವ ಮೊದಲು ಮತ್ತು ನಂತರ ರಕ್ತಪರೀಕ್ಷೆ ಮಾಡಲಾಗುತ್ತದೆ. ಯಕೃತ್ತು ಈಗಾಗಲೇ ಮಧ್ಯಮ ಅಥವಾ ತೀವ್ರವಾಗಿ ದುರ್ಬಲಗೊಂಡಿರುವವರಿಗೆ ಔಷಧದ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.

2025ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 201 ಆರೋಗ್ಯವಂತ ವಯಸ್ಕರು ಭಾಗವಹಿಸಿದ್ದರು. ಅವರಲ್ಲಿ ಒಂದು ಗುಂಪಿಗೆ 28 ದಿನ, ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಸಿಬಿಡಿ ನೀಡಲಾಯಿತು. ಆ ಗುಂಪಿನ ಶೇಕಡಾ 5.6ರಷ್ಟು ಜನರಲ್ಲಿ ಯಕೃತ್ತಿನ ಕಿಣ್ವಗಳು ಸಾಮಾನ್ಯ ಮಿತಿಯ ಮೂರು ಪಟ್ಟಿಗೂ ಮೀರಿ ಏರಿದವು.

ಸುರಕ್ಷತೆ ಮತ್ತು ಪ್ರಸ್ತುತ ಸ್ಥಿತಿ

ಸಿಬಿಡಿ ಯಕೃತ್ತಿನಲ್ಲಿಯೇ ವಿಭಜನೆಗೊಳ್ಳುತ್ತದೆ. ವಾರ್ಫರಿನ್‌ನಂತಹ ಇತರ ಔಷಧಗಳ ಪರಿಣಾಮವನ್ನು ಅದು ಬದಲಿಸಬಲ್ಲದು. ಕೊಬ್ಬಿನಂಶವುಳ್ಳ ಊಟದೊಂದಿಗೆ ಸೇವಿಸಿದರೆ ಅದು ಹಲವು ಪಟ್ಟು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಮಾರುಕಟ್ಟೆಯ ಸಿಬಿಡಿ ಎಣ್ಣೆಗಳಲ್ಲಿ ನಮೂದಿಸಿದ ಪ್ರಮಾಣವೂ ನಿಜವಾದ ಪ್ರಮಾಣವೂ ಯಾವಾಗಲೂ ಒಂದೇ ಆಗಿರುವುದಿಲ್ಲ.

ಮದ್ಯಜನ್ಯ ಯಕೃತ್ತಿನ ರೋಗಕ್ಕೆ ಮದ್ಯವನ್ನು ಸಂಪೂರ್ಣವಾಗಿ ತ್ಯಜಿಸುವುದೇ ಮುಖ್ಯ ಚಿಕಿತ್ಸೆ. ಕೊಬ್ಬಿನ ಯಕೃತ್ತಿಗೆ ತೂಕ ಇಳಿಕೆ, ಆಹಾರ ನಿಯಂತ್ರಣ ಮತ್ತು ವ್ಯಾಯಾಮ ಆಧಾರವಾಗಿವೆ. ಸಿಬಿಡಿಯ ರಕ್ಷಣಾ ಸಾಮರ್ಥ್ಯವು ಈಗಲೂ ಸಂಶೋಧನೆಯ ವಿಷಯವಾಗಿದ್ದು, ಅದು ಇವುಗಳಿಗೆ ಬದಲಿಯಲ್ಲ.