ಅಂಚೆಯಲ್ಲಿ ಬಂದ ಚುಕ್ಕಿಗಳ ಪಾಠ

ವಿಲಿಯಂ ಹ್ಯಾಡ್ಲಿ ಷಿಕಾಗೋದ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದವರು. 1915ರಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ, ಅವರ ದೃಷ್ಟಿ ಹೋಯಿತು. ಓದದೆ ಇರಲಾರದ ಮನುಷ್ಯ. ಹೀಗಾಗಿ ಆ ವಯಸ್ಸಿನಲ್ಲಿ ತಾವೇ ಪ್ರಯತ್ನಪಟ್ಟು ಬ್ರೈಲ್ ಲಿಪಿ ಕಲಿತರು. ಕಲಿತ ಮೇಲೆ ಮೇಷ್ಟರ ಬುದ್ಧಿ ಸುಮ್ಮನಿರಲಿಲ್ಲ. ತಮ್ಮಂತೆ ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರಿಗೆ ಯಾರು ಕಲಿಸುತ್ತಾರೆ ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು.

ಅಂಧರಿಗೆ ಶಾಲೆಗಳು ಇರಲಿಲ್ಲವೆಂದಲ್ಲ. ಪ್ಯಾರಿಸ್ಸಿನಲ್ಲಿ ವ್ಯಾಲೆಂಟಿನ್ ಆಯುಯಿ ಹದಿನೆಂಟನೆಯ ಶತಮಾನದ ಕೊನೆಯಲ್ಲೇ ಒಂದನ್ನು ತೆರೆದಿದ್ದ. ಅಲ್ಲಿ ಓದಿದ ಲೂಯಿ ಬ್ರೈಲ್ 1829ರಲ್ಲಿ ಆರು ಚುಕ್ಕಿಗಳ ಲಿಪಿಯನ್ನು ಪ್ರಕಟಿಸಿದ. ಅಮೆರಿಕದ ಬಾಸ್ಟನ್‌ನಲ್ಲೂ 1832ರಿಂದ ಪಾಠ ನಡೆಯುತ್ತಿತ್ತು. ಆದರೆ ಇವೆಲ್ಲ ಮುಖ್ಯವಾಗಿ ಮಕ್ಕಳನ್ನು ಮನೆಯಿಂದ ಕರೆತಂದು ಇಟ್ಟುಕೊಂಡು ಕಲಿಸುವ ವಸತಿಶಾಲೆಗಳು. ಸಂಸಾರ, ಹೊಲಮನೆ ಇರುವ ಹೆಂಗಸೊಬ್ಬಳು ಅಲ್ಲಿಗೆ ಹೋಗಿ ಕೂರುವುದುಂಟೆ?

1920ರಲ್ಲಿ ಹ್ಯಾಡ್ಲಿಯವರಿಗೆ ಸಿಕ್ಕ ಮೊದಲ ವಿದ್ಯಾರ್ಥಿನಿ ಅಂಥವಳೇ. ಕಾನ್ಸಾಸ್ ರಾಜ್ಯದ ಒಬ್ಬ ರೈತನ ಹೆಂಡತಿ. ಕಣ್ಣು ಹೋಗಿದ್ದರಿಂದ ಓದು ನಿಂತಿತ್ತು. ಮತ್ತೆ ಓದಬೇಕೆಂಬ ಆಸೆ. ಹ್ಯಾಡ್ಲಿ ಅಕ್ಷರಗಳನ್ನು ಚುಕ್ಕಿಗಳಲ್ಲಿ ಬರೆದು ಅಂಚೆಗೆ ಹಾಕಿದರು. ಆಕೆ ಅಭ್ಯಾಸ ಮಾಡಿ ಹಿಂದಕ್ಕೆ ಕಳಿಸಿದಳು. ತಪ್ಪುಗಳನ್ನು ತಿದ್ದಿ, ಎರಡು ಉತ್ಸಾಹದ ಮಾತು ಸೇರಿಸಿ, ಮೇಷ್ಟರು ಮತ್ತೆ ಕಳಿಸಿದರು. ನೆರೆಯವರಾದ ನೇತ್ರವೈದ್ಯ ಡಾ. ಬ್ರೌನ್ ಅವರ ಸಹಾಯದಿಂದ ವಿನೆಟ್ಕಾ ಎಂಬ ಊರಿನಲ್ಲಿ ಹುಟ್ಟಿದ ಹ್ಯಾಡ್ಲಿ ಅಂಧರ ಅಂಚೆ ಶಾಲೆಯ ಆರಂಭ ಇಷ್ಟೇ. ವಿದ್ಯಾರ್ಥಿಗಳಿಂದ ಶುಲ್ಕ ಪಡೆಯಲಿಲ್ಲ.

ಈ ಪಾಠ ಕೇಳುವುದಕ್ಕೆ ಸುಲಭ, ನಡೆಸುವುದು ಕಷ್ಟ. ಕೈಯಿಂದ ಬ್ರೈಲ್ ಬರೆಯಲು ಕಿಂಡಿಗಳುಳ್ಳ ಪಟ್ಟಿಯ ನಡುವೆ ದಪ್ಪ ಕಾಗದವಿಟ್ಟು ಮೊಳೆಯಂಥ ಕಡ್ಡಿಯಿಂದ ಒತ್ತಬೇಕು. ಚುಕ್ಕಿ ಉಬ್ಬುವುದು ಕಾಗದದ ಹಿಂಬದಿಯಲ್ಲಿ. ಆದ್ದರಿಂದ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ಬರೆದು, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ತರಗತಿಯಲ್ಲಾದರೆ ಗುರು ಶಿಷ್ಯನ ಬೆರಳು ಹಿಡಿದು ತೋರಿಸಬಹುದು. ಇಲ್ಲಿ ಬೆರಳು ಒಂದು ರಾಜ್ಯದಲ್ಲಿ, ಗುರು ಇನ್ನೊಂದರಲ್ಲಿ. ಕೆಂಪು ಶಾಯಿಯಿಂದ ತಿದ್ದಿದರೆ ನೋಡುವವರು ಯಾರು? ತಿದ್ದುಪಡಿಯೂ ಉಬ್ಬು ಚುಕ್ಕಿಗಳಲ್ಲೇ ಹೋಗಬೇಕು.

ಹ್ಯಾಡ್ಲಿಯವರಿಗೆ ಕಾಲವೂ ಅನುಕೂಲವಾಗಿತ್ತೆನ್ನಬೇಕು. ಅದಕ್ಕೂ ಮುಂಚೆ ಅಮೆರಿಕದಲ್ಲಿ ನ್ಯೂಯಾರ್ಕ್ ಪಾಯಿಂಟ್, ಅಮೆರಿಕನ್ ಬ್ರೈಲ್ ಎಂದು ಬೇರೆ ಬೇರೆ ಚುಕ್ಕಿ ಲಿಪಿಗಳಿದ್ದವು. ಒಂದನ್ನು ಕಲಿತವನಿಗೆ ಇನ್ನೊಂದರ ಪುಸ್ತಕ ಅರ್ಥವಾಗದು. ಕಣ್ಣಿದ್ದ ಪಂಡಿತರು ದಶಕಗಳ ಕಾಲ ಜಗಳವಾಡಿದರು, ಕಷ್ಟಪಟ್ಟವರು ಓದುಗರು. ಹ್ಯಾಡ್ಲಿ ಕಣ್ಣು ಕಳೆದುಕೊಂಡ ಸುಮಾರಿಗೆ ಈ ವ್ಯಾಜ್ಯ ಮುಗಿಯತೊಡಗಿ, ಬ್ರೈಲ್ ಗೆದ್ದಿತು. ಒಪ್ಪಿತ ಲಿಪಿಯೊಂದಿಲ್ಲದೆ ದೇಶಕ್ಕೆಲ್ಲ ಒಂದೇ ಪಾಠ ಕಳಿಸುವುದು ಹೇಗೆ?

ಇನ್ನೊಂದು ಅನುಕೂಲ ಅಂಚೆಯದು. ಬ್ರೈಲ್ ಪುಸ್ತಕ ಬಲು ಭಾರ. ಸಾಧಾರಣ ಕಾದಂಬರಿಯೂ ಹಲವು ದಪ್ಪ ಸಂಪುಟಗಳಾಗುತ್ತದೆ. 1904ರಲ್ಲೇ ಅಮೆರಿಕದ ಸಂಸತ್ತು ಗ್ರಂಥಾಲಯಗಳು ಅಂಧರಿಗೆ ಎರವಲು ಕೊಡುವ ಉಬ್ಬು ಪುಸ್ತಕಗಳನ್ನು ಉಚಿತವಾಗಿ ಸಾಗಿಸಬೇಕೆಂದು ಕಾನೂನು ಮಾಡಿತ್ತು. ಮುಂದೆ ಇಂಥ ವಿನಾಯಿತಿ ಅನೇಕ ದೇಶಗಳಿಗೆ ಹರಡಿತು. ಭಾರತದ ಅಂಚೆ ಇಲಾಖೆಯೂ ಅದನ್ನು ಕೊಟ್ಟಿದೆ.

ಅಂಚೆಯ ದಾರಿಯನ್ನು ಕಿವುಡು ಮಕ್ಕಳ ತಾಯಿತಂದೆಯರಿಗೂ ತೆರೆದವರು ಲೂಯಿಸ್ ಟ್ರೇಸಿ. ಹಾಲಿವುಡ್ ನಟ ಸ್ಪೆನ್ಸರ್ ಟ್ರೇಸಿಯ ಪತ್ನಿ. 1924ರಲ್ಲಿ ಹುಟ್ಟಿದ ಮಗ ಜಾನ್, ಬಾಗಿಲು ಧಡಾರನೆ ಬಡಿದರೂ ಎಚ್ಚರಗೊಳ್ಳದಿದ್ದಾಗ ಅವನಿಗೆ ಕಿವಿ ಕೇಳದೆಂದು ಅವರಿಗೆ ತಿಳಿಯಿತು. 1942ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಗನ ಹೆಸರಿನ ಚಿಕಿತ್ಸಾಲಯ ಆರಂಭಿಸಿ, ದೂರದೂರುಗಳ ಪೋಷಕರಿಗೆ ಉಚಿತ ಪಾಠಗಳನ್ನು ಕಳಿಸತೊಡಗಿದರು. ಇಲ್ಲಿ ವಿದ್ಯಾರ್ಥಿ ಮಗುವಲ್ಲ, ತಾಯಿ. ಆದರೆ ಈ ಪಾಠಗಳ ಗುರಿ ತುಟಿಚಲನೆ ಗ್ರಹಿಸುವುದು ಮತ್ತು ಬಾಯಿಮಾತು. ಸಂಜ್ಞಾಭಾಷೆಯನ್ನು ದೂರವಿಟ್ಟ ಆ ಪಂಥವನ್ನು ಕಿವುಡರ ಸಮುದಾಯವೇ ಕಟುವಾಗಿ ಟೀಕಿಸಿದೆ. ಟೀಕೆಯಲ್ಲಿ ಹುರುಳಿದೆ. ದೂರದಿಂದ ಬರುವ ಪಾಠ ಕಳಿಸುವವರ ನಂಬಿಕೆಯನ್ನೂ ಲಕೋಟೆಯಲ್ಲಿ ತುಂಬಿಕೊಂಡೇ ಬರುತ್ತದೆ.

ನಮ್ಮಲ್ಲೂ ಲಿಪಿಯ ಗೊಂದಲವಿತ್ತು. ಭಾರತದ ಭಾಷೆಗಳಿಗೆ ಹಲವು ಬ್ರೈಲ್ ಪದ್ಧತಿಗಳಿದ್ದು, 1951ರಲ್ಲಿ ಭಾರತಿ ಬ್ರೈಲ್ ಎಂಬ ಏಕರೂಪದ ಪದ್ಧತಿ ನೆಲೆಗೊಂಡಿತು. ಅದರಲ್ಲಿ ಕನ್ನಡದ ‘ಕ’, ಹಿಂದಿಯ ‘ಕ’ ಎರಡಕ್ಕೂ ಒಂದೇ ಚುಕ್ಕಿಗಳು. ಇಂಗ್ಲಿಷಿನ ‘ಕೆ’ಗೂ ಅವೇ.

ಹ್ಯಾಡ್ಲಿ 1941ರಲ್ಲಿ ತೀರಿಕೊಂಡರು. ಶಾಲೆ ಮುಂದುವರಿದು ಧ್ವನಿಮುದ್ರಿತ ಪಾಠ, ದೂರವಾಣಿ, ಅಂತರ್ಜಾಲ ಎಲ್ಲವನ್ನೂ ಒಳಗೊಂಡಿತು. ಆದರೆ ಬೆರಳಿಂದ ಬ್ರೈಲ್ ಓದಲು ಹೊಸದಾಗಿ ಕಲಿಯುವವರಿಗೆ ಸಾಮಾನ್ಯ ಕಂಪ್ಯೂಟರಿನ ನುಣುಪು ಪರದೆಯಿಂದ ಪ್ರಯೋಜನವಿಲ್ಲ. ಚುಕ್ಕಿಗಳನ್ನು ಎಬ್ಬಿಸುವ ಯಂತ್ರಗಳು ದುಬಾರಿ. ಅವರಿಗೆ ಉಬ್ಬು ಹಾಳೆಗಳ ಅಭ್ಯಾಸ ಪುಸ್ತಕ ಈಗಲೂ ಅಂಚೆಯಲ್ಲೇ ಹೋಗುತ್ತದೆ.